ಎಷ್ಟು ಕೊಡುತ್ತೆ?

ಗಾಡಿ ನೋಡಲು ಬಂದ ಹುಡುಗ ಚನ್ನರಾಯಪಟ್ಟಣದವನು.
ಟ್ಯಾಂಕಿನ ಮೇಲೆ ಕೈಯಾಡಿಸಿದ
ಹಸುವಿನ ಗಂಗೆದೊಗಲು ಸವರುವ ಹಾಗೆ,
ಜೋಡಿ ಸೈಲೆನ್ಸರಿನೊಳಗೆ ಬಗ್ಗಿ ನೋಡಿದ,
ಕಿಕ್ಕರೇ ಮಡಚಿದರೆ ಗೇರಾಗುವುದ ಕಂಡು ನಕ್ಕ.
ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದ:
'ಎಷ್ಟು ಕೊಡುತ್ತೆ ಮೇಡಂ?'

ಕೊಡುತ್ತೆ.
ನಮ್ಮ ಹಾಸನದಲ್ಲಿ ಹಸುವಿಗೂ ಬೈಕಿಗೂ ಇದೊಂದೇ ಮಾತು.
ಹಿಂಡಿ ಬೂಸದ ವಿಚಾರ ಆಮೇಲೆ.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.
ಅರಸೀಕೆರೆಯ ಕೊಬ್ಬರಿ ದಲ್ಲಾಳಿಯಿಂದ ಕೊಂಡ ಯೆಜ್ಡಿ,
ಹತ್ತೊಂಬತ್ತು ವರ್ಷ ನನ್ನನ್ನು ನೈಟ್ ಡ್ಯೂಟಿಗೆ ಹೊತ್ತಿದೆ.
ರಿಸರ್ವಿಗೆ ಬಿದ್ದರೆ ಹಾಕಿಸುತ್ತಿದ್ದೆ,
ಬೀಳದಿದ್ದರೆ ಮರೆಯುತ್ತಿದ್ದೆ.

ಹೊಸಲೈನ್ ರಸ್ತೆಯ ಇನಾಯತ್ ಅಂದ:
'ಸಿಸ್ಟರ್, ನಿಮ್ಮ ಕಡೆಯಿಂದ ಒಂದು ಖಾಲಿ ಡ್ರಿಪ್ ಬಾಟ್ಲು ತನ್ನಿ,
ಅಳದೇ ಬಿಡುವ.'

ತಂದೆ, ನಳಿಗೆ ಸಮೇತ.
ಕಾಲು ಲೀಟರಿನ ಗೆರೆಗೆ ಪೆಟ್ರೋಲು,
ಲೆಕ್ಕದ ಟೂಟಿ ಆಯಿಲು, ಎರಡು ಕುಲುಕು.
ಹ್ಯಾಂಡಲ್ಲಿಗೆ ತಲೆಕೆಳಗಾಗಿ ಕಟ್ಟಿ
ಟ್ಯಾಂಕಿನ ಪೈಪು ಕಿತ್ತು, ನಳಿಗೆಯನ್ನು ಕಾರ್ಬುರೇಟರಿಗೆ ಸಿಕ್ಕಿಸಿದ.
ಇಳಿಯಲಿಲ್ಲ.
ಗಾಳಿಯಾಡಲು ಬಾಟಲಿಗೆ ಸೂಜಿ ಚುಚ್ಚಿದವಳು ನಾನು.
'ನರ ಸಿಕ್ತು' ಅಂದ ಇನಾಯತ್.

ಬೇಲೂರು ರಸ್ತೆ. ನಲವತ್ತು ದಾಟಬಾರದು, ಚೋಕ್ ಎಳೆಯಬಾರದು.
ಆಲೂಗಡ್ಡೆ ಹೂಬಿಟ್ಟ ಹೊಲದಲ್ಲಿ
ಕಳೆ ಕೀಳುತ್ತಿದ್ದ ಹೆಂಗಸರು ನಡು ನೆಟ್ಟಗೆ ಮಾಡಿ ಕೂಗಿದರು:
'ಗಾಡೀಗೇನು ಜ್ವರಾನಾ ಅಕ್ಕಾ?'
ಬಾಟಲಿಯೊಳಗೆ ಗುಳ್ಳೆ ಏರುತ್ತಿತ್ತು, ಒಂದರ ಹಿಂದೊಂದು,
ಹಾಸಿಗೆ ಪಕ್ಕ ಕೂತು ಎಣಿಸಿದ್ದೇನೆ ಇಂಥವನ್ನು
ಬೆಳಗಿನ ಜಾವದ ತನಕ.

ಕಂದಲಿಗೆ ಮುಂಚಿನ ಇಳಿಜಾರಿನಲ್ಲಿ
ಕೈ ತಾನಾಗಿಯೇ ಥ್ರಾಟಲ್ ಮುಚ್ಚಿತು,
ನಾಲ್ಕು ಹನಿ ಉಳಿಯಲಿ ಎಂದು.
ಇನಾಯತ್ ಬೈದದ್ದು ನೆನಪಾಯಿತು, ಯಾವತ್ತೋ:
'ಇದು ಟೂ ಸ್ಟ್ರೋಕು.
ಇದಕ್ಕೆ ಜಿಡ್ಡು ಬರೋದೂ ಕುಡಿಯೋದರ ಜೊತೆಗೇ.
ಗೇರಲ್ಲಿಟ್ಟು, ಥ್ರಾಟಲ್ ಮುಚ್ಚಿ, ಉದ್ದಕ್ಕೂ ಇಳಿಸಿದರೆ
ಒಣಗಿದ ಪಿಸ್ಟನ್ನು ಕಚ್ಚಿಕೊಳ್ಳುತ್ತೆ.
ಉಳಿಸೋಕೆ ಹೋಗಿ ಸಾಯಿಸಿದೋರು ಬಾಳ ಜನ ಸಿಸ್ಟರ್.'

ನನಗೆ ಹೇಳುತ್ತಾನೆ.
ಎಲ್ಲರಿಗೂ ಬಡಿಸಿ ತಳದ ಸೀಕು ಕೆರೆದುಂಡವರನ್ನು
ಹೆಂಗಸರ ವಾರ್ಡಿನಲ್ಲಿ ಸಾಲಾಗಿ ಮಲಗಿಸಿದವಳು ನಾನು.
ರಕ್ತ ಐದಕ್ಕಿಳಿದಿದ್ದರೂ
'ನಂಗೇನಾಗಿಲ್ಲ, ಮನೆಗೆ ಕಳಿಸಿ' ಅನ್ನುವವರು.

ಇಳಿಜಾರಿನಲ್ಲೂ ಒಂದಿಷ್ಟು ತಿರುವಿದೆ.
ಕುಡಿ ಮಾರಾಯಗಿತ್ತಿ.

ಒಮ್ಮೆ ಕೆಮ್ಮಿತು. ಆಮೇಲೆ
ತಿರುವದೆಯೇ ಜೋರಾಗಿ ಓಡಿತು ನಾಲ್ಕು ಮಾರು.
ಹೋಗುವ ಮುಂಚೆ ಮುಖ ಕಳೆಗಟ್ಟುವುದು ಗೊತ್ತು ನನಗೆ.
ನಿಂತಿತು.

ಆರು ಪಾಯಿಂಟ್ ಆರು.
ನಾಲ್ಕರಿಂದ ಗುಣಿಸಿದರೆ ಇಪ್ಪತ್ತಾರು, ಚಿಲ್ಲರೆ.

ಮೈಲಿಗಲ್ಲಿನ ಮೇಲೆ ಕೂತು
ಹತ್ತೊಂಬತ್ತು ವರ್ಷದ್ದನ್ನೂ ಕೂಡಿಸಲು ನೋಡಿದೆ:
ಹೋಗುತ್ತಾ ನಾಲ್ಕು, ಬರುತ್ತಾ ನಾಲ್ಕು,
ಹಬ್ಬ ಕಳೆದು, ಹೆರಿಗೆ ರಜೆ ಕಳೆದು.
ಒಂದು ರಾತ್ರಿ ಮಾತ್ರ ಆಸ್ಪತ್ರೆ ಗೇಟು ಕಂಡೂ ತಿರುಗಿಸದೆ
ಹಗರೆವರೆಗೆ ಹೋಗಿಬಿಟ್ಟಿದ್ದೆ,
ಮುಚ್ಚಿದ ಹೋಟೆಲಿನ ಬೆಂಚಿನಲ್ಲಿ ಸುಮ್ಮನೆ ಕೂತು
ಅರ್ಧ ಗಂಟೆ ತಡವಾಗಿ ಸಹಿ ಹಾಕಿದೆ.
ಪಂಕ್ಚರ್ ಎಂದಿದ್ದೆ ಹೆಡ್ ನರ್ಸಿಗೆ.
ಆ ಲೀಟರನ್ನು ಯಾವ ಲೆಕ್ಕಕ್ಕೆ ಬರೆಯಲಿ?

ಹುಡುಗನಿಗೆ ಫೋನು ಹಚ್ಚಿದೆ. 'ಇಪ್ಪತ್ತಾರು.'
'ಅಷ್ಟೇನಾ?'
'ಅಷ್ಟೇ.'
ಅವನ ಹಿಂದೆ ಯಾವುದೋ ಬಸ್ಸು ಹಾರನ್ ಹೊಡೆಯುತ್ತಿತ್ತು.
'ಯೋಚನೆ ಮಾಡಿ ಹೇಳ್ತೀನಿ ಮೇಡಂ.'

ಟ್ಯಾಂಕಿನ ಪೈಪು ಮತ್ತೆ ಸಿಕ್ಕಿಸಬೇಕು,
ರಿಸರ್ವಿಗೆ ತಿರುಗಿಸಿದರೆ ಊರು ಸೇರುತ್ತೆ.
ನಳಿಗೆ ಕಿತ್ತೆ. ಒಂದೇ ಹನಿ, ತುದಿಯಲ್ಲಿ.
ಹೆಬ್ಬೆರಳು ಆಗಲೇ ಆ ಜಾಗವನ್ನು ಒತ್ತಿ ಹಿಡಿದಿತ್ತು,
ಇನ್ನೊಂದು ಕೈ ಜೇಬಿನಲ್ಲಿ
ಹತ್ತಿ ಹುಡುಕುತ್ತಿತ್ತು.